ಕೆಂಟ್‌ನ ಹಳೆಯ ಮರದ ಮನೆ: ವಾಲಿದ್ದಕ್ಕಲ್ಲ, ಸಿಮೆಂಟಿಗೆ ಹೆದರಿ

ಪ್ರಶ್ನೆ: ನಾವು ಹಾಸನದ ಕಡೆಯವರು. ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇವೆ. ಕೆಂಟ್ ಕೌಂಟಿಯ ಹಳ್ಳಿಯೊಂದರಲ್ಲಿ ಹಳೆಯ ರೈತರ ಮನೆಯೊಂದನ್ನು ನೋಡಿ ಮನಸೋತಿದ್ದೇವೆ. ಅದು ಗ್ರೇಡ್ 2 ಸಂರಕ್ಷಿತ ಕಟ್ಟಡ. ಸರ್ಕಾರಿ ಪಟ್ಟಿಯಲ್ಲಿ '15ನೇ ಶತಮಾನದ್ದು, ನಂತರ ಮಾರ್ಪಾಡುಗಳಾಗಿವೆ' ಎಂದಷ್ಟೇ ಇದೆ. ಅಟ್ಟ ಹತ್ತಿ ನೋಡಿದರೆ ಮಾಡಿನ ಮರಗಳೆಲ್ಲ ಕಪ್ಪು ಮಸಿ. ಮನೆಗೆ ಎಂದೋ ಬೆಂಕಿ ಬಿದ್ದಿತ್ತೇ? ತೊಲೆಗಳಲ್ಲಿ ಯಾವ ಕೆಲಸಕ್ಕೂ ಬಾರದ ಖಾಲಿ ತೂತುಗಳಿವೆ. ಹಳೆಯ ಹಡಗು ಒಡೆದು ತಂದ ಮರ ಎಂದು ಏಜೆಂಟ್ ಹೇಳುತ್ತಾರೆ. ಮಹಡಿಯ ನೆಲದ ಮೇಲೆ ಮಗಳು ಗೋಲಿ ಇಟ್ಟಳು. ಅದು ಚಿಮಣಿಯ ಕಡೆಯಿಂದ ಮುಂಗೋಡೆಯವರೆಗೆ ತಾನೇ ಉರುಳಿಕೊಂಡು ಹೋಯಿತು. ಆ ಮುಂಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ತೇವ ಇದೆ. ಗೋಡೆಗೆ ರಾಸಾಯನಿಕ ಚುಚ್ಚಿ ಹೊಸದಾಗಿ ಸಿಮೆಂಟ್ ಗಾರೆ ಮಾಡಿದರೆ ಮುಗಿಯಿತು ಎಂದರು ಒಬ್ಬ ಗುತ್ತಿಗೆದಾರರು. ಇನ್ನೊಬ್ಬರು ನಡುವಿನ ಕೋಣೆಯ ಮಹಡಿಯನ್ನೇ ತೆಗೆದು 'ಮೂಲ ರೂಪ'ಕ್ಕೆ ತರೋಣ ಎನ್ನುತ್ತಾರೆ. ಒಲೆಯ ಮೇಲಿನ ದೊಡ್ಡ ತೊಲೆಯಲ್ಲಿ ಕಣ್ಣೀರಿನ ಹನಿಯಂತೆ ಸುಟ್ಟ ಗುರುತುಗಳೂ ಕೈವಾರದಲ್ಲಿ ಗೀಚಿದ ಹೂವಿನಂಥ ವೃತ್ತವೂ ಇವೆ. ಫೋಟೊದಲ್ಲಿ ಅವನ್ನು ಕಂಡ ನಮ್ಮ ಅತ್ತೆಯವರು, ಮಾಟ ಮಾಡಿದ ಮನೆ, ಬೇಡವೇ ಬೇಡ ಎಂದು ಹಟ ಹಿಡಿದಿದ್ದಾರೆ. ಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆ ಸುಟ್ಟಿತ್ತೇ, ಕುಸಿಯುತ್ತಿದೆಯೇ, ಯಾರೋ ಏನೋ ಮುಚ್ಚಿಡುತ್ತಿದ್ದಾರೆಯೇ ಎಂಬುದು ನಿಮ್ಮ ಆತಂಕ. ಇಂಥ ಮನೆಗಳ ಪರಿಶೀಲನೆ ಮತ್ತು ದುರಸ್ತಿಯಲ್ಲೇ ಇಪ್ಪತ್ತು ವರ್ಷ ಕಳೆದವನಾಗಿ ಮೊದಲೇ ಹೇಳಿಬಿಡುತ್ತೇನೆ: ನೀವು ಹೆದರಿಕೊಂಡಿರುವ ಸಂಗತಿಗಳಲ್ಲಿ ಹೆಚ್ಚಿನವು ಆ ಮನೆ ಅಪ್ಪಟ ಹಳೆಯದು ಎಂಬುದಕ್ಕೆ ಸಾಕ್ಷಿ. ನನಗೆ ಕಳವಳವಾದದ್ದು ಒಂದೇ ವಾಕ್ಯಕ್ಕೆ. ಮುಂಗೋಡೆಯ ಬುಡದ ತೇವ. ಅದಕ್ಕೆ ಕಡೆಗೆ ಬರುತ್ತೇನೆ, ಏಕೆಂದರೆ ಮನೆ ಹೇಗೆ ಬೆಳೆಯಿತು ಎಂದು ತಿಳಿಯದೆ ಆ ತೇವ ಅರ್ಥವಾಗುವುದಿಲ್ಲ.

ಮೊದಲು ಮಸಿ. ನಿಮ್ಮ ಮನೆಗೆ ಬೆಂಕಿ ಬಿದ್ದಿರಲಿಲ್ಲ. ಆ ಮನೆ ಕಟ್ಟಿದಾಗ ಅದಕ್ಕೆ ಚಿಮಣಿಯೇ ಇರಲಿಲ್ಲ. ನಡುವಿನ ಕೋಣೆ ನೆಲದಿಂದ ಮಾಡಿನವರೆಗೆ ಒಂದೇ ತೆರೆದ ಹಾಲ್ ಆಗಿತ್ತು. ನೆಲದ ನಡುವೆ ಒಲೆ ಉರಿಯುತ್ತಿತ್ತು. ಹೊಗೆ ಮೇಲೇರಿ ಮಾಡಿನ ಸಂದುಗಳಿಂದ, ತ್ರಿಕೋನಗೋಡೆಯ ತುದಿಯ ಕಿಂಡಿಗಳಿಂದ ನಿಧಾನವಾಗಿ ಹೊರಹೋಗುತ್ತಿತ್ತು. ನೂರು ವರ್ಷ, ಕೆಲವು ಕಡೆ ಅದಕ್ಕಿಂತ ಹೆಚ್ಚು ಕಾಲ, ಹೀಗೆಯೇ ನಡೆಯಿತು. ಮಲೆನಾಡಿನ ಹಳೆಯ ಅಡುಗೆಮನೆಯ ಅಟ್ಟವನ್ನು ಕಂಡವರಿಗೆ ಆ ಹೊಳಪಿನ ಕಪ್ಪು ಹೊಸದೇನಲ್ಲ.

ಸುಟ್ಟ ಮರ ಬೇರೆ, ಹೊಗೆ ಕುಡಿದ ಮರ ಬೇರೆ. ಮುಂದಿನ ಸಲ ಅಟ್ಟ ಹತ್ತುವಾಗ ಒಳ್ಳೆಯ ಟಾರ್ಚ್ ಒಯ್ಯಿರಿ. ಸುಟ್ಟ ಮರದ ಮೈ ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಬಿರಿದಿರುತ್ತದೆ, ಅಂಚುಗಳು ಕರಗಿ ಉರುಟಾಗಿರುತ್ತವೆ. ಹೊಗೆ ಕುಡಿದ ಮರದಲ್ಲಿ ಬಡಗಿ ಕೊಡಲಿಯಲ್ಲಿ ಕೆತ್ತಿದ ಅಂಚು ಇಂದಿಗೂ ಚೂಪಾಗಿಯೇ ಇರುತ್ತದೆ, ಅದರ ಮೇಲೆ ತೆಳುವಾದ ಕಪ್ಪು ಪದರ ಮಾತ್ರ. ನಂತರ ಮಸಿ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನೋಡಿ. ಸಾಮಾನ್ಯವಾಗಿ ಅಟ್ಟದ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಒಂದು ಅಡ್ಡಗೋಡೆ ಇರುತ್ತದೆ. ಅದರ ಒಂದು ಮುಖ ಕಾಡಿಗೆಯಂತೆ ಕಪ್ಪು, ಇನ್ನೊಂದು ಮುಖ ಮೆತ್ತಿದ ದಿನದ ಮಣ್ಣಿನ ಬಣ್ಣ. ಕಪ್ಪು ಮುಖದ ಕಡೆ ಹಾಲ್ ಇತ್ತು, ಇನ್ನೊಂದು ಕಡೆ ಮಲಗುವ ಕೋಣೆ ಇತ್ತು. ಆ ಮಸಿಯನ್ನು ದಯವಿಟ್ಟು ಯಾರಿಂದಲೂ ತೊಳೆಸಬೇಡಿ. ಅದು ನಿಮ್ಮ ಮನೆಯ ಜನ್ಮಪತ್ರ.

ನೀವು ಕಳಿಸಿದ ಮುಂಭಾಗದ ಫೋಟೊದಲ್ಲಿ ಸೂರಿನ ಕೆಳಗೆ ನಡುಭಾಗದಲ್ಲಿ ಎರಡು ಬಾಗಿದ ಆನಿಕೆ ಮರಗಳು ಕಾಣುತ್ತಿವೆ. ನನ್ನ ಮಟ್ಟಿಗೆ ಅಷ್ಟು ಸಾಕು. ಇದು 'ವೀಲ್ಡನ್' ಮನೆ ಎಂದು ಕರೆಯುವ ಬಗೆ. ಕೆಂಟ್ ಮತ್ತು ಸಸೆಕ್ಸ್‌ನ ವೀಲ್ಡ್ ಪ್ರದೇಶದಲ್ಲಿ ಹೇರಳವಾಗಿ ಸಿಗುವುದರಿಂದ ಆ ಹೆಸರು. ನಡುವೆ ತೆರೆದ ಹಾಲ್, ಎರಡು ತುದಿಗಳಲ್ಲಿ ಮಹಡಿ ಕೋಣೆಗಳು. ತುದಿಗಳ ಮಹಡಿ ಕೆಳಗಿನ ಗೋಡೆಗಿಂತ ಮುಂದಕ್ಕೆ ಚಾಚಿರುತ್ತದೆ, ನಡುವಿನ ಹಾಲ್‌ನ ಗೋಡೆ ಹಿಂದೆ ಉಳಿಯುತ್ತದೆ. ಆದರೆ ಮೂರರ ಮೇಲೂ ಒಂದೇ ಮಾಡು. ಹಾಲ್‌ನ ಎದುರು ಸೂರು ಆಧಾರವಿಲ್ಲದೆ ನಿಲ್ಲಬೇಕಾದ್ದರಿಂದ ಆ ಬಾಗಿದ ಆನಿಕೆಗಳು ಬೇಕಾದವು. ಹಾಲ್‌ನ ಕೆಳತುದಿಯಲ್ಲಿ ಎದುರುಬದುರು ಬಾಗಿಲುಗಳಿರುವ ಹಾದಿ, ಅದರಾಚೆ ಪಾನೀಯದ ಉಗ್ರಾಣ ಮತ್ತು ರೊಟ್ಟಿಯ ಉಗ್ರಾಣ. ಮೇಲ್ತುದಿಯಲ್ಲಿ ಯಜಮಾನನ ಕೋಣೆ.

ಇಂಥ ಮನೆಗಳು 14ನೇ ಶತಮಾನದ ಕೊನೆಯಿಂದ 16ನೇ ಶತಮಾನದ ಮೊದಲ ಭಾಗದವರೆಗೆ ಕಟ್ಟಲ್ಪಟ್ಟವು. 1348-49ರ ಪ್ಲೇಗ್ ಮಹಾಮಾರಿಯಲ್ಲಿ ಜನಸಂಖ್ಯೆ ಕುಸಿದಾಗ ಬದುಕುಳಿದ ರೈತರಿಗೆ ಹೆಚ್ಚು ಭೂಮಿ ಸಿಕ್ಕಿತು, ಕೂಲಿ ಏರಿತು. ಅಷ್ಟು ದಪ್ಪ ಮರ ಬಳಸಿ ಒಬ್ಬ ರೈತ ಮನೆ ಕಟ್ಟಿಸಿಕೊಳ್ಳಲು ಆದದ್ದರ ಹಿಂದೆ ಆ ದುರಂತವಿದೆ. ಸಸೆಕ್ಸ್‌ನ ಆಲ್ಫ್ರಿಸ್ಟನ್‌ನಲ್ಲಿರುವ ಪಾದ್ರಿ ಮನೆ ಇದೇ ಬಗೆಯದು. 1896ರಲ್ಲಿ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅದನ್ನು ಹತ್ತು ಪೌಂಡಿಗೆ ಕೊಂಡಿತು, ಆ ಸಂಸ್ಥೆ ಕೊಂಡ ಮೊದಲ ಕಟ್ಟಡ ಅದು. ಸಾಧ್ಯವಾದರೆ ಸಿಂಗಲ್ಟನ್‌ನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಬಯಲು ವಸ್ತುಸಂಗ್ರಹಾಲಯಕ್ಕೆ ಒಂದು ಭಾನುವಾರ ಹೋಗಿಬನ್ನಿ. ಕೆಂಟ್‌ನಲ್ಲಿ ಜಲಾಶಯಕ್ಕೆ ಜಾಗ ಬಿಡಬೇಕಾಗಿ ಬಂದ 'ಬೇಲೀಫ್' ಎಂಬ ರೈತರ ಮನೆಯನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಒಲೆಯ ಹೊಗೆ ಕಣ್ಣಿಗೆ ತಾಕಿದ ಮೇಲೆ, ನಿಮ್ಮ ಆ ಮನೆಯಲ್ಲಿ ಹಿಂದೆ ಬದುಕಿದ್ದವರು ಚಿಮಣಿಗಾಗಿ ಯಾಕೆ ಹಂಬಲಿಸಿದರು ಎಂದು ಹೇಳಿಕೊಡಬೇಕಾಗುವುದಿಲ್ಲ.

ಚಿಮಣಿ ಬಂದದ್ದು 16ನೇ ಶತಮಾನದಲ್ಲಿ. ಕೆಲವರು ಮೊದಲು ಹಾಲ್‌ನ ಒಂದು ಪಟ್ಟಿಯನ್ನಷ್ಟೇ ಅಡ್ಡಗೋಡೆ ಹಾಕಿ ಹೊಗೆಗೆ ಬಿಟ್ಟುಕೊಟ್ಟರು, ನಂತರ ಅದೇ ಜಾಗದಲ್ಲಿ ಇಟ್ಟಿಗೆಯ ಚಿಮಣಿ ಎದ್ದಿತು. ಎಸೆಕ್ಸ್‌ನ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ, ತಮ್ಮೂರಿನ ಮುದುಕರು ಕಂಡು ಬೆರಗಾದ ಬದಲಾವಣೆಗಳಲ್ಲಿ ಹೊಸದಾಗಿ ಎದ್ದ ಚಿಮಣಿಗಳ ಸಂಖ್ಯೆಯನ್ನೂ ಸೇರಿಸಿದ್ದಾರೆ. ಹೊಗೆ ಚಿಮಣಿಯ ದಾರಿ ಹಿಡಿದ ಮೇಲೆ ಹಾಲ್‌ನ ಎತ್ತರ ವ್ಯರ್ಥವೆನಿಸಿತು. ನಡುವೆ ತೊಲೆ ಕೂರಿಸಿ, ಜಂತೆ ಜೋಡಿಸಿ, ಮಹಡಿ ಮಾಡಿಕೊಂಡರು. ನಿಮ್ಮ ಗುತ್ತಿಗೆದಾರರು ಕಿತ್ತುಹಾಕೋಣ ಎನ್ನುತ್ತಿರುವುದು ಈ ಮಹಡಿಯನ್ನೇ, ಎಂದರೆ ಸುಮಾರು ನಾನೂರು ವರ್ಷ ಹಳೆಯದನ್ನು. ಆ ತೊಲೆಯ ಕೆಳ ಅಂಚನ್ನು ಒಮ್ಮೆ ಸವರಿ ನೋಡಿ. ಅಂಚು ಓರೆಯಾಗಿ ಕೆತ್ತಲ್ಪಟ್ಟು ತುದಿಯಲ್ಲಿ ಒಂದು ಅಂದದ ತಿರುವಿನಲ್ಲಿ ನಿಂತಿರುತ್ತದೆ. ಅನೇಕ ಮನೆಗಳಲ್ಲಿ ಅತ್ಯುತ್ತಮ ಬಡಗಿ ಕೆಲಸ ಸಿಗುವುದು ಆ ಮಹಡಿಯಲ್ಲಿಯೇ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 18ನೇ ಶತಮಾನದಲ್ಲಿ ಅನೇಕ ಮನೆಗಳಲ್ಲಿ ಮುಂಚಾಚಿದ ಮಹಡಿಯ ಕೆಳಗೆ ಇಟ್ಟಿಗೆ ಗೋಡೆ ಕಟ್ಟಿ ಮುಂಭಾಗವನ್ನು ಸಮ ಮಾಡಿದರು, ಮೇಲ್ಭಾಗಕ್ಕೆ ಹೆಂಚು ತೂಗುಹಾಕಿದರು. 19ನೇ ಶತಮಾನದಲ್ಲಿ ಇಂಥ ಮನೆಗಳು ಕೂಲಿಕಾರರ ಎರಡು ಮೂರು ಬಿಡಾರಗಳಾಗಿ ಒಡೆದುಹೋದವು. ಮೂರು ಮೆಟ್ಟಿಲಸಾಲು ಇರುವ ಮನೆ ಕಂಡರೆ ಇದೇ ಕಾರಣ. 20ನೇ ಶತಮಾನದಲ್ಲಿ ಹಣವಂತರು ಕೊಂಡು ಮತ್ತೆ ಒಂದು ಮಾಡಿದರು. ಅದೇ ಕಾಲದಲ್ಲಿ ಸಿಮೆಂಟೂ ಒಳಗೆ ಬಂದಿತು.

ಹಡಗಿನ ಕತೆಯನ್ನು ನಾನು ಬಹುತೇಕ ಪ್ರತಿ ಮನೆಯಲ್ಲೂ ಕೇಳಿದ್ದೇನೆ. ಹೇಳುವವರಲ್ಲಿ ಮೋಸವಿಲ್ಲ, ಅವರಿಗೂ ಯಾರೋ ಹೇಳಿದ್ದು. ಕೆಂಟ್‌ನಲ್ಲಿ ಹಡಗಿನ ಮರ ಮರುಬಳಕೆಯಾದ ನಿಜವಾದ ಉದಾಹರಣೆಯೂ ಇದೆ: ಚಾಥಂ ನೌಕಾಂಗಣದ ಒಂದು ಕಾರ್ಯಾಗಾರದ ನೆಲದಡಿ 'ನಮೂರ್' ಎಂಬ ಯುದ್ಧನೌಕೆಯ ಮರಗಳು ಸಿಕ್ಕಿವೆ. ಆದರೆ ಅದು ಹಡಗು ಕಟ್ಟುವ ಜಾಗ. ಸುತ್ತ ಓಕ್ ಕಾಡು ತುಂಬಿದ್ದ ಒಳನಾಡಿನ ರೈತ, ಗಾಡಿ ಹೂತುಹೋಗುವ ಜೇಡಿ ರಸ್ತೆಯಲ್ಲಿ ಬಾಗಿದ ಹಡಗು ಮರವನ್ನು ಎಳೆದು ತರಲು ಕಾರಣವಿರಲಿಲ್ಲ. ನಿಮ್ಮ ಮನೆಯ ಮರ ಹತ್ತಿರದ ಕಾಡಿನದು. ಹಸಿಯಾಗಿರುವಾಗಲೇ ಕಡಿದು, ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಜೋಡಿಸಿ ನೋಡಿ, ಪ್ರತಿ ಕೂಡಿಕೆಯ ಎರಡೂ ಬದಿಗೆ ರೋಮನ್ ಅಂಕಿಯ ಗುರುತು ಗೀಚಿ, ಬಿಚ್ಚಿ ತಂದು ನಿಲ್ಲಿಸಿದ್ದು. ಆ ಗೀಚುಗಳನ್ನು ಹುಡುಕಿ, ಮಗಳಿಗೆ ಒಳ್ಳೆಯ ಆಟವಾಗುತ್ತದೆ.

ಹಾಗಾದರೆ ಖಾಲಿ ತೂತುಗಳು? ತೊಲೆಯ ಕೆಳಮೈಯಲ್ಲಿ ವಜ್ರದ ಆಕಾರದ ಕುಳಿಗಳು ಸಾಲಾಗಿದ್ದರೆ ಅಲ್ಲಿ ಕಿಟಕಿ ಇತ್ತು. ಇಂಥ ಮನೆಗಳಿಗೆ ಗಾಜು ಬಾರದ ಕಾಲದಲ್ಲಿ ಮೂಲೆ ಮುಂದು ಮಾಡಿ ನಿಲ್ಲಿಸಿದ ಮರದ ಸರಳುಗಳೇ ಕಿಟಕಿ, ಒಳಗಿನಿಂದ ಮುಚ್ಚುವ ಹಲಗೆ ಅಷ್ಟೇ. ಉದ್ದನೆಯ ಕುಳಿಗಳು ಸಾಲಾಗಿದ್ದರೆ ಅಲ್ಲಿ ಅಡ್ಡಗೋಡೆಯ ಕಂಬಗಳಿದ್ದವು. ಪ್ರತಿ ಖಾಲಿ ಕುಳಿಯೂ ಯಾವಾಗಲೋ ತೆಗೆದುಹಾಕಿದ ಒಂದು ವಸ್ತುವಿನ ವಿಳಾಸ. ಮನೆ ಕಟ್ಟಿದ ವರ್ಷವೇ ಬೇಕೆನಿಸಿದರೆ ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಕಾಲ ನಿರ್ಣಯಿಸುವ ತಜ್ಞರಿದ್ದಾರೆ. ತೊಗಟೆಯಂಚು ಉಳಿದ ಮರ ಸಿಕ್ಕರೆ ಕಡಿದ ವರ್ಷವೇ ಗೊತ್ತಾಗುತ್ತದೆ. ಅದಿಲ್ಲದೆ ಕೆಚ್ಚಿನ ಹೊರಗಿನ ಬಿಳಿಮರ ಎಲ್ಲಿ ಆರಂಭವಾಯಿತು ಎಂಬುದಷ್ಟೇ ಕಂಡರೆ ದಕ್ಷಿಣ ಇಂಗ್ಲೆಂಡಿನ ಓಕ್‌ಗೆ 9ರಿಂದ 41 ಉಂಗುರಗಳ ಅಂದಾಜು ಇಟ್ಟುಕೊಂಡು ಒಂದು ಅವಧಿಯನ್ನು ಹೇಳುತ್ತಾರೆ.

ಈಗ ಗೋಲಿಯ ವಿಷಯ. ಹಸಿ ಓಕ್ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ. ಹೀಗಾಗಿ ಚೌಕಟ್ಟು ತಿರುಚಿಕೊಳ್ಳುತ್ತದೆ. ಮರದ ಬೆಣೆಗಳಿಂದ ಬಿಗಿದ ಕೂಡಿಕೆಗಳು ಬಿರುಕುಬಿಡದೆ ಬಾಗಿಕೊಂಡು ಹೊಂದಿಕೊಳ್ಳುತ್ತವೆ. ನಡುವೆ ನಿಂತ ಇಟ್ಟಿಗೆಯ ಚಿಮಣಿ ಮಾತ್ರ ಕುಗ್ಗುವುದಿಲ್ಲ. ಆದ್ದರಿಂದ ಇಂಥ ಮನೆಗಳಲ್ಲಿ ನೆಲ ಚಿಮಣಿಯಿಂದ ಹೊರಕ್ಕೆ ಇಳಿಜಾರಾಗಿರುವುದು ಸಾಮಾನ್ಯ. ಇಳಿಜಾರು ಹಳೆಯದೋ, ಇನ್ನೂ ನಡೆಯುತ್ತಿದೆಯೋ ಎಂಬುದೇ ನೋಡಬೇಕಾದ ಸಂಗತಿ, ಅದನ್ನು ಬಾಗಿಲುಗಳು ಹೇಳುತ್ತವೆ. ಮಹಡಿಯ ಕೋಣೆಯ ಬಾಗಿಲನ್ನು ಮುಚ್ಚಿ ಅದರ ಮೇಲಂಚು ನೋಡಿ. ಓರೆ ಚೌಕಟ್ಟಿಗೆ ತಕ್ಕಂತೆ ಬಾಗಿಲನ್ನೇ ಓರೆಯಾಗಿ ಕತ್ತರಿಸಿ, ಆ ಕತ್ತರಿಸಿದ ಅಂಚಿನ ಮೇಲೆ ಪದರ ಪದರವಾಗಿ ಹಳೆಯ ಬಣ್ಣ ಇದ್ದರೆ, ಮನೆ ವಾಲಿದ್ದು ಆ ಬಾಗಿಲಿಗಿಂತ ಹಿಂದೆ. ನೀವು ನೆಮ್ಮದಿಯಿಂದ ಮಲಗಬಹುದು. ಕಳೆದ ವರ್ಷ ಬಳಿದ ಬಣ್ಣ ಬಿರಿದಿದ್ದರೆ, ಇತ್ತೀಚಿನ ಕಿಟಕಿ ಸಿಕ್ಕಿಕೊಳ್ಳುತ್ತಿದ್ದರೆ, ಗೋಡೆಯ ಬುಡದ ಅಂಚುಪಟ್ಟಿಯ ಕೆಳಗೆ ಹೊಸ ಸಂದು ಬಿಟ್ಟಿದ್ದರೆ ಅದು ಬೇರೆ ಮಾತು.

ನಿಮ್ಮ ಗೋಲಿ ಉರುಳಿಹೋಗಿ ನಿಂತದ್ದು ತೇವ ಇರುವ ಅದೇ ಮುಂಗೋಡೆಯಲ್ಲಿ. ಈ ಎರಡನ್ನೂ ಕೂಡಿಸಿ ನೋಡಬೇಕು.

ಕಲ್ಲು ಅಥವಾ ಇಟ್ಟಿಗೆಯ ಗಿಡ್ಡ ಕಟ್ಟೆಯ ಮೇಲೆ ಉದ್ದಕ್ಕೂ ಒಂದು ಅಡಿತೊಲೆ ಮಲಗಿರುತ್ತದೆ. ಎಲ್ಲ ಕಂಬಗಳ ಬುಡವೂ ಅದರಲ್ಲಿ ನಾಟಿಕೊಂಡಿರುತ್ತದೆ. ಕಂಬಗಳ ನಡುವೆ ಕಡ್ಡಿ ಹೆಣೆದು ಜೇಡಿಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತುತ್ತಿದ್ದರು. ನಮ್ಮೂರಿನ ತಟ್ಟಿಗೋಡೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮೇಲೆ ಸುಣ್ಣ. ಮಳೆಗೆ ನೆನೆದರೂ ಈ ಗೋಡೆ ಗಾಳಿಗೆ ಆರುತ್ತದೆ. ಅದರ ಮೇಲೆ ಸಿಮೆಂಟ್ ಹಚ್ಚಿದರೆ, ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಗಟ್ಟಿ ಸಿಮೆಂಟು ಮರದ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಇಳಿದು ಅಡಿತೊಲೆಯ ಮೇಲೆ ಕೂರುತ್ತದೆ. ಮರದ ತೇವಾಂಶ ಶೇ 20 ದಾಟಿ ನಿಂತರೆ ಕೊಳೆ ಶುರುವಾಗುತ್ತದೆ. ಅಡಿತೊಲೆ ಕೊಳೆತರೆ ಅದರ ಮೇಲೆ ನಿಂತ ಕಂಬಗಳೂ ಅವು ಹೊತ್ತ ಮಹಡಿಯೂ ಆ ಕಡೆಗೆ ಕುಸಿಯುತ್ತವೆ.

ಸಸೆಕ್ಸ್‌ನ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಹೊರಗೆ ನುಣುಪಾದ ಬಿಳಿ ಗೋಡೆ, ಒಂದು ಕಲೆಯೂ ಇಲ್ಲ. ಮೂಲೆಯಲ್ಲಿ ಹಸ್ತದಗಲ ಸಿಮೆಂಟ್ ಬಿಡಿಸಿ ನನ್ನ ಚಾಕುವನ್ನು ಅಡಿತೊಲೆಗೆ ಒತ್ತಿದೆ. ಹಿಡಿಯವರೆಗೂ ಇಳಿಯಿತು. ಹೊರತೆಗೆದಾಗ ಅಲಗಿಗೆ ಅಂಟಿಕೊಂಡು ಬಂದದ್ದು ನೆನೆದ ಚಹಾಪುಡಿಯಂಥ ಕಂದು ಪುಡಿ. ಅದರ ಒಂದಡಿ ಮೇಲೆ, ಸಿಮೆಂಟ್ ತಲುಪದ ಒಳಭಾಗದಲ್ಲಿ, ಮೆತ್ತಿದವರ ಬೆರಳ ಗುರುತು ಹಾಗೆಯೇ ಉಳಿದ ಮಣ್ಣು ಗಟ್ಟಿಯಾಗಿ, ಒಣಗಿ ಕೂತಿತ್ತು. ಐನೂರು ವರ್ಷದ ಮಳೆ ತಿನ್ನಲಾಗದ ಮರವನ್ನು ನಲವತ್ತು ವರ್ಷದ ಸಿಮೆಂಟ್ ತಿಂದಿತ್ತು. ಆ ದಿನ ನನಗಾದ ಸಂಕಟ ಇನ್ನೂ ಹೋಗಿಲ್ಲ.

ಆದ್ದರಿಂದ ರಾಸಾಯನಿಕ ಚುಚ್ಚುವ ಸಲಹೆಗೆ ಒಪ್ಪಬೇಡಿ. ಅದು ನೆಲದಿಂದ ಮೇಲೇರುವ ತೇವ ತಡೆಯಲೆಂದು ಇಟ್ಟಿಗೆ ಗೋಡೆಗೆ ಮಾಡುವ ಉಪಾಯ. ನಿಮ್ಮಲ್ಲಿ ನೀರು ಬರುತ್ತಿರುವುದು ಹೆಚ್ಚಾಗಿ ಮೇಲಿನಿಂದ, ಪಕ್ಕದಿಂದ. ಮೇಲೆ ಹೊಸ ಸಿಮೆಂಟ್ ಹಚ್ಚಿದರೆ ರೋಗವನ್ನೇ ದಪ್ಪ ಮಾಡಿದಂತೆ. ಅಗ್ಗದ ಕೆಲಸಗಳಿಂದ ಆರಂಭಿಸಿ: ಸೂರಿನ ನೀರುದೋಣಿ ತುಂಬಿ ಚೆಲ್ಲುತ್ತಿದೆಯೇ ನೋಡಿ, ಅಡಿತೊಲೆಗಿಂತ ಎತ್ತರಕ್ಕೆ ಬಂದಿರುವ ಹೂವಿನ ಪಾತಿಯ ಮಣ್ಣನ್ನು ಇಳಿಸಿ, ಗೋಡೆಗೆ ಆತುಕೊಂಡ ಕಾಂಕ್ರೀಟ್ ಹಾದಿಯನ್ನು ತೆಗೆಸಿ. ಒಂದು ಚಳಿಗಾಲ ಕಾದರೆ ಅರ್ಧ ಉತ್ತರ ಸಿಗುತ್ತದೆ.

ಗೋಡೆಗೆ ಈಗಾಗಲೇ ಸಿಮೆಂಟ್ ಹಚ್ಚಿದ್ದರೆ ಅದನ್ನು ತೆಗೆಯುವುದರಲ್ಲೂ ಅಪಾಯವಿದೆ. ಅವಸರದಲ್ಲಿ ಯಂತ್ರದಿಂದ ಕುಟ್ಟಿದರೆ ಹಿಂದಿನ ಹಳೆಯ ಮಣ್ಣು ಹಾಳೆಹಾಳೆಯಾಗಿ ಕಳಚಿ ಬೀಳುತ್ತದೆ. ಕೈ ಉಳಿಯಲ್ಲಿ, ಸಣ್ಣ ಚೂರಿನಿಂದ ಆರಂಭಿಸಿ ತೆಗೆದು, ಮೇಕೆಯ ಕೂದಲು ಬೆರೆಸಿದ ಸುಣ್ಣದ ಗಾರೆ ಮಾಡಿಸಬೇಕು. ಅಡಿತೊಲೆ ಕೊಳೆತಿದ್ದರೆ ಕೊಳೆತಷ್ಟೇ ಭಾಗವನ್ನು ಕತ್ತರಿಸಿ ಹೊಸ ಓಕ್ ಬೆಸೆಯುವ ಬಡಗಿಗಳು ಕೆಂಟ್‌ನಲ್ಲಿದ್ದಾರೆ. ಆ ಕೆಲಸಕ್ಕೆ ಗೋಡೆಗೆ ತಾತ್ಕಾಲಿಕ ಆಸರೆ ಬೇಕು, ಖರ್ಚು ಸಣ್ಣದಲ್ಲ. ಜ್ಯಾಕ್ ಇಟ್ಟು ಮಹಡಿಯನ್ನು ಸಮಮಟ್ಟಕ್ಕೆ ಎತ್ತಿಕೊಡುತ್ತೇನೆ ಎನ್ನುವವರನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬೇಡಿ. ಶತಮಾನಗಳಿಂದ ಬಾಗಿ ಒಗ್ಗಿದ ಕೂಡಿಕೆ ಹಿಂದಕ್ಕೆ ಬಾಗುವುದಿಲ್ಲ, ಮುರಿಯುತ್ತದೆ.

ಹುಳುವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೆದರಿಸುತ್ತಾರೆ. ಓಕ್ ಮರದಲ್ಲಿ ಸುಮಾರು 3 ಮಿಲಿಮೀಟರ್ ಅಗಲದ ತೂತುಗಳು ಡೆತ್‌ವಾಚ್ ಜೀರುಂಡೆಯವು. ವಸಂತದಲ್ಲಿ ಅದು ತಲೆಯನ್ನು ಮರಕ್ಕೆ ಕುಟ್ಟುವ ಸದ್ದು ರಾತ್ರಿ ಕೇಳಬಹುದು. ಹೆಚ್ಚಿನ ತೂತುಗಳು ಎಂದೋ ಬಿಟ್ಟುಹೋದ ಹುಳುಗಳವು. ಅದಕ್ಕೆ ತೇವದಿಂದ ಮೆತ್ತಗಾದ ಮರ ಬೇಕು. ಮರ ಒಣಗಿದರೆ ಹುಳುವಿನ ಕಾಲ ಮುಗಿಯುತ್ತದೆ, ಮೇಲ್ಮೈಗೆ ಔಷಧಿ ಸಿಂಪಡಿಸಿದರೆ ಒಳಗಿನ ಹುಳುವಿಗೆ ತಲುಪುವುದೇ ಕಷ್ಟ. ಮಾಡಿನ ಒಳಗೆ ನೊರೆ ಸಿಂಪಡಿಸಿ ಬೆಚ್ಚಗೆ ಮಾಡುವ ಯೋಜನೆ ಇದ್ದರೆ ಕೈಬಿಡಿ. ಮರದ ಗಾಳಿಯಾಟ ನಿಲ್ಲುತ್ತದೆ, ನಾಳೆ ಮಾರಲು ಹೊರಟಾಗ ಅನೇಕ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ.

ಮಹಡಿ ತೆಗೆದು ತೆರೆದ ಹಾಲ್ ಮಾಡುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಆ ಮಹಡಿ ಈಗ ಮುಂದಿನ ಮತ್ತು ಹಿಂದಿನ ಗೋಡೆಗಳನ್ನು ಕಟ್ಟಿ ಹಿಡಿದಿರಬಹುದು. ವಸ್ತುಸಂಗ್ರಹಾಲಯಕ್ಕೆ ಒಂದು ಕಾಲಘಟ್ಟವನ್ನು ತೋರಿಸುವ ಉದ್ದೇಶವಿರುತ್ತದೆ, ನಿಮಗೆ ಮಕ್ಕಳೊಂದಿಗೆ ಬದುಕಬೇಕಾದ ಮನೆ. ಸ್ಥಳೀಯ ಕೌನ್ಸಿಲ್ ಇದಕ್ಕೆ ಅನುಮತಿ ಕೊಡುವ ಸಾಧ್ಯತೆಯೂ ಕಡಿಮೆ. ಅನುಮತಿಯಿಲ್ಲದೆ ಸಂರಕ್ಷಿತ ಕಟ್ಟಡದ ಒಳಗಾಗಲಿ ಹೊರಗಾಗಲಿ ಅದರ ಗುಣ ಕೆಡುವಂತೆ ಬದಲಾಯಿಸುವುದು ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪರಾಧ. ಇನ್ನೊಂದು ಮುಖ್ಯ ವಿಷಯ: ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಮಾಡಿದ್ದನ್ನು ಸರಿಪಡಿಸು ಎಂಬ ಆದೇಶ ನಿಮ್ಮ ಮೇಲೆ ಬರಬಹುದು, ಅದಕ್ಕೆ ಕಾಲಮಿತಿ ಇಲ್ಲ. ಅಡುಗೆಮನೆ, ಹೊಸ ಕಿಟಕಿ, ಅಟ್ಟದ ಕೋಣೆಗಳ ಅನುಮತಿ ಪತ್ರಗಳನ್ನು ವಕೀಲರ ಮೂಲಕ ಈಗಲೇ ಕೇಳಿಸಿ. ಖರ್ಚಿನ ಲೆಕ್ಕಕ್ಕೆ ಶೇ 20 ವ್ಯಾಟ್ ಸೇರಿಸಿಕೊಳ್ಳಿ. ಮೊದಲು ಸಂರಕ್ಷಿತ ಮನೆಗಳ ಅನುಮೋದಿತ ಮಾರ್ಪಾಡುಗಳಿಗೆ ಇದ್ದ ವಿನಾಯಿತಿ 2012ರಲ್ಲಿ ಹೋಯಿತು.

ಕೊಳ್ಳಬಹುದೇ? ಬ್ಯಾಂಕಿನ ಮೌಲ್ಯಮಾಪನದ ಮೇಲೆ ನಂಬಿಕೆ ಇಟ್ಟು ಕೊಳ್ಳಬೇಡಿ. ಮರದ ಚೌಕಟ್ಟಿನ ಮನೆಗಳಲ್ಲೇ ಪಳಗಿದ ಪರಿಶೀಲಕರಿಂದ ಪೂರ್ಣ ವರದಿ ಮಾಡಿಸಿ, ಮುಂಗೋಡೆಯ ಅಡಿತೊಲೆಯನ್ನು ಒಂದೆರಡು ಕಡೆ ತೆರೆದು ನೋಡಲು ಮಾರುವವರ ಒಪ್ಪಿಗೆ ಪಡೆಯಿರಿ. ಅವರು ಒಪ್ಪದಿದ್ದರೆ ತೊಲೆ ಪೂರ್ತಿ ಕೊಳೆತಿದೆ ಎಂದೇ ಲೆಕ್ಕ ಹಾಕಿ ಬೆಲೆ ಇಳಿಸಿ ಕೇಳಿ. ತೊಲೆ ಗಟ್ಟಿಯಿದ್ದರೆ, ಅಥವಾ ದುರಸ್ತಿಯ ಖರ್ಚು ಬೆಲೆಯಲ್ಲಿ ಕಳೆದರೆ, ನಾನಾದರೂ ಕೊಳ್ಳುತ್ತಿದ್ದೆ.

ಇನ್ನು ನಿಮ್ಮ ಅತ್ತೆಯವರಿಗೆ. ಅಮ್ಮ, ಅದು ಮಾಟವಲ್ಲ. ಮಾಟ ತಾಗದಿರಲಿ ಎಂದು ಮಾಡಿಕೊಂಡ ರಕ್ಷೆ. ಹನಿಯಾಕಾರದ ಸುಟ್ಟ ಗುರುತನ್ನು ಉರಿಯುವ ಬತ್ತಿಯನ್ನು ಮರಕ್ಕೆ ತಾಗಿಸಿ ಹಿಡಿದು, ಬೇಕೆಂದೇ ಮಾಡಿದ್ದಾರೆ. ಅಕಸ್ಮಾತ್ ತಾಗಿದರೆ ಆ ಆಕಾರ ಬರುವುದಿಲ್ಲ ಎಂದು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಹೂವಿನ ವೃತ್ತವೂ ಹೀಗೆಯೇ, ಕೆಟ್ಟದ್ದು ಒಳಗೆ ಬಾರದಿರಲಿ ಎಂದು ಗೀಚಿದ್ದೆಂದು ಈ ಮನೆಗಳನ್ನು ಬಲ್ಲವರು ಹೇಳುತ್ತಾರೆ. ಇವು ಒಲೆ, ಬಾಗಿಲು, ಕಿಟಕಿಗಳ ಬಳಿಯೇ ಹೆಚ್ಚು, ಹೊರಗಿನದು ಒಳಗೆ ಬರುವ ದಾರಿಗಳಲ್ಲಿ. ಚಿಮಣಿಯ ಸಂದಿನಲ್ಲಿ ಹಳೆಯ ಒಂಟಿ ಬೂಟು ಸಿಕ್ಕರೂ ಗಾಬರಿಯಾಗಬೇಡಿ, ಅದೂ ಇದೇ ನಂಬಿಕೆಯದು. ಅಂಥವುಗಳ ಪಟ್ಟಿಯನ್ನು ನಾರ್ಥಾಂಪ್ಟನ್ ವಸ್ತುಸಂಗ್ರಹಾಲಯ ಇಟ್ಟುಕೊಂಡು ಬಂದಿದೆ. ಸಿಕ್ಕರೆ ಫೋಟೊ ತೆಗೆದು ಅವರಿಗೆ ತಿಳಿಸಿ, ಬೂಟನ್ನು ಇದ್ದ ಜಾಗದಲ್ಲೇ ಇಡಿ. ಹೊಸ್ತಿಲಿಗೆ ರಂಗೋಲಿ ಇಡುವ ನೀವು ಆ ತೊಲೆಯ ಕೆಳಗೆ ದೀಪ ಹಚ್ಚಿಟ್ಟರೆ ಅಲ್ಲಿ ಹಿಂದೆ ಬದುಕಿದ್ದ ಹೆಂಗಸರಿಗೆ ಅದು ಪರಕೀಯವೆನಿಸುತ್ತಿರಲಿಲ್ಲ. ದೀಪವನ್ನು ಮರದಿಂದ ಒಂದು ಮಾರು ದೂರ ಇಡಿ, ಅಷ್ಟೇ.

ಅಡಿತೊಲೆ ತೆರೆದಾಗ ಮೂಲೆಕಂಬದ ಬುಡದ ಫೋಟೊವನ್ನು ನನಗೂ ಕಳಿಸಿ.